ನಿಂತಲ್ಲಿ ನಿಲ್ಲದ ತ್ರಿವಿಕ್ರಮ ಮೇಷ್ಟ್ರು

ನಮ್ಮ ಯೋಗ ಕೇಂದ್ರಕ್ಕೆ ಹದಿನೈದು ವರ್ಷ ತುಂಬಿತು, ಸ್ಮರಣ ಸಂಚಿಕೆ ತರುತ್ತಿದ್ದೇವೆ, ತ್ರಿವಿಕ್ರಮ ಮೇಷ್ಟ್ರ ಬಗ್ಗೆ ನೀವೇ ಬರೆಯಬೇಕು ಜಯಾ ಮೇಡಂ ಎಂದು ಸಮಿತಿಯವರು ನನ್ನನ್ನು ಹಿಡಿದುಕೊಂಡಿದ್ದಾರೆ. ಮೊದಲನೇ ವಾರದಿಂದ ಇಂದಿನವರೆಗೆ ಬಿಡದೆ ಬಂದವಳು ನಾನೊಬ್ಬಳೇ ಎಂಬುದು ಅವರ ಕಾರಣ. ಹೊಗಳುವುದಕ್ಕೆ ಬೇಕಾದಷ್ಟು ಜನ ಇದ್ದಾರೆ. ಶಾಂತಮೂರ್ತಿ, ಸ್ಥಿತಪ್ರಜ್ಞ ಅಂತೆಲ್ಲ ಬರೆದು ಕೈತೊಳೆದುಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡ ಸುಳ್ಳು ಇನ್ನೊಂದಿಲ್ಲ. ಆರ್.ಟಿ. ನಗರದಲ್ಲಿ ನಾನು ಕಂಡ ಅತ್ಯಂತ ಚಡಪಡಿಕೆಯ ಮನುಷ್ಯ ಯಾರು ಎಂದರೆ ಯೋಗದ ಮೇಷ್ಟ್ರೇ. ನನ್ನ ಬರಹ ಸಂಚಿಕೆಗೆ ಆಗದಿದ್ದರೆ ಬೇಡ, ಬರೆಯುವುದನ್ನಂತೂ ಬರೆಯುತ್ತೇನೆ.

ಪುರಾಣದ ತ್ರಿವಿಕ್ರಮ ಮೂರೇ ಹೆಜ್ಜೆಯಲ್ಲಿ ಲೋಕ ಅಳೆದನಂತೆ. ನಮ್ಮ ತ್ರಿವಿಕ್ರಮರು ಇದ್ದದ್ದು ಐದಡಿ, ದಿನಕ್ಕೆ ಹಾಕುತ್ತಿದ್ದ ಹೆಜ್ಜೆಗೆ ಮಿತಿಯೇ ಇರಲಿಲ್ಲ. ಅವರು ಕಾರ್ಖಾನೆಯೊಂದರಲ್ಲಿ ಟೈಮ್ ಕೀಪರ್. ಯಾರು ಎಷ್ಟು ಗಂಟೆಗೆ ಒಳಗೆ ಬಂದರು, ಯಾರು ಎರಡು ನಿಮಿಷ ತಡ ಎಂದು ನೋಡಿ ನೋಡಿ ಅವರ ಒಳಗೇ ಒಂದು ಗಡಿಯಾರ ಕೂತುಬಿಟ್ಟಿತ್ತು. ಕಾಫಿ ಕುಡಿಯುವಾಗ ನಿಂತಿರುತ್ತಿದ್ದರು, ಮಾತನಾಡುವಾಗ ಒಂದು ಕಾಲು ಸೈಕಲ್ಲಿನ ಪೆಡಲ್ ಮೇಲೆ ಇರುತ್ತಿತ್ತು. ಹೊಟ್ಟೆಯಲ್ಲಿ ಹುಣ್ಣಾಯಿತು. ಡಾಕ್ಟರು ಔಷಧ ಬರೆದುಕೊಟ್ಟು, ‘ಇದಕ್ಕೆಲ್ಲ ಮೂಲ ನಿಮ್ಮ ಧಾವಂತ ಕಣ್ರೀ, ದಿನಕ್ಕೆ ಒಂದು ಗಂಟೆ ಸುಮ್ನೆ ಕೂತ್ಕೊಳ್ಳೋದು ಕಲೀರಿ’ ಎಂದರಂತೆ. ಸುಮ್ಮನೆ ಕೂರುವುದನ್ನು ಕಲಿಯಲು ಮಲ್ಲೇಶ್ವರದಲ್ಲಿ ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರ ಹತ್ತಿರ ಯೋಗಕ್ಕೆ ಸೇರಿದರು. ಎರಡು ವರ್ಷ ಕಲಿತರು. ಹುಣ್ಣು ವಾಸಿಯಾಯಿತು, ಧಾವಂತ ಹಾಗೇ ಉಳಿಯಿತು. ತಾನು ಕಲಿತದ್ದನ್ನು ಊರಿಗೆಲ್ಲ ಕಲಿಸಬೇಕೆಂಬ ಹೊಸ ಧಾವಂತವೊಂದು ಅದಕ್ಕೆ ಸೇರಿಕೊಂಡಿತು.

೧೯೭೩ರಲ್ಲಿ ನಮ್ಮ ಬಡಾವಣೆಯಲ್ಲಿ ಮನೆಗಿಂತ ಖಾಲಿ ಸೈಟುಗಳೇ ಹೆಚ್ಚು. ಮೆಹಬೂಬ್ ಪಾಷಾ ಅವರ ಮರದ ಡಿಪೋ ಹಿಂದೆ ತಗಡಿನ ಶೆಡ್ಡೊಂದಿತ್ತು. ಅಲ್ಲಿ ಬೆಳಿಗ್ಗೆ ಐದೂಮುಕ್ಕಾಲಕ್ಕೆ ಕ್ಲಾಸು ಶುರುವಾದರೆ ಆರೂ ಐವತ್ತಕ್ಕೆ ಮುಗಿಯಲೇಬೇಕು, ಏಕೆಂದರೆ ಏಳಕ್ಕೆ ಗರಗಸದ ಯಂತ್ರ ಶುರು. ನೆಲದ ತುಂಬ ಮರದ ಹೊಟ್ಟು. ನನಗೆ ಆಗ ಇಪ್ಪತ್ಮೂರು ವರ್ಷ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ, ಜೊತೆಗೆ ಉಬ್ಬಸ. ಉಬ್ಬಸದವಳು ಮರದ ಹೊಟ್ಟಿನಲ್ಲಿ ಪ್ರಾಣಾಯಾಮ ಮಾಡುವುದು ಎಂಥ ಬುದ್ಧಿವಂತಿಕೆ ಎಂದು ನಮ್ಮಮ್ಮ ದಿನವೂ ಹೇಳುತ್ತಿದ್ದಳು. ಆದರೂ ಹೋದೆ. ಮೇಷ್ಟ್ರ ಕೊರಳಲ್ಲಿ ಅವರ ಗುರುಗಳು ಕೊಟ್ಟ ವಿಷಲ್ ಇರುತ್ತಿತ್ತು. ಶವಾಸನಕ್ಕೂ ವಿಷಲ್ ಊದುತ್ತಿದ್ದರು. ‘ಹೂಂ, ಎಲ್ಲಾ ಬೇಗ ಬೇಗ ವಿಶ್ರಾಂತಿ ತಗೊಳ್ಳಿ, ಟೈಮಾಯ್ತು!’ ಎಂದು ಅವರು ಕೂಗಿದ್ದನ್ನು ಈ ಕಿವಿಯಾರೆ ಕೇಳಿದ್ದೇನೆ.

ನಗಬೇಡಿ. ಆ ಶೆಡ್ಡಿನಲ್ಲಿ ಇದ್ದ ಒಂದು ಪದ್ಧತಿಯನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. ಅಲ್ಲಿ ಹೊಸಬರ ಕ್ಲಾಸು, ಹಳಬರ ಕ್ಲಾಸು ಎಂದು ಬೇರೆ ಇರಲಿಲ್ಲ. ನಿನ್ನೆ ಬಂದವರು ಇವತ್ತು ಬಂದವರಿಗೆ ಹೇಳಿಕೊಡಬೇಕು, ಇವತ್ತು ಬಂದವರು ನಾಳೆ ಬರುವವರಿಗೆ. ಇನ್ನೊಬ್ಬರ ಮೈ ನೋಡಿ ಯಾರೂ ನಗಬಾರದು, ಪಕ್ಕದವರ ಕಡೆ ತಿರುಗಬಾರದು, ಕಣ್ಣು ಮುಚ್ಚಿಕೊಂಡೇ ಮಾಡಬೇಕು. ‘ನಿಮ್ ಕೈಲಿ ಆಗಲ್ಲ’ ಅನ್ನುವ ಮಾತು ಶೆಡ್ಡಿನೊಳಗೆ ಬರಕೂಡದು. ಗೂನು ಬೆನ್ನಿನವರು ಬಂದರು, ಬಸುರಿಯರು ಬಂದರು. ಪಾಷಾ ಅವರ ಹೆಂಡತಿ ಬದರುನ್ನೀಸಾ ಪರದೆ ಕಟ್ಟಿಸಿಕೊಂಡು ಅದರ ಹಿಂದೆ ಎಂಟು ಹೆಂಗಸರನ್ನು ಸೇರಿಸಿದರು. ಮೇಷ್ಟ್ರು ಈ ಪದ್ಧತಿ ಮಾಡಿದ್ದು ದೊಡ್ಡ ತತ್ವಕ್ಕಾಗಿ ಎಂದು ಎಲ್ಲರೂ ತಿಳಿದಿದ್ದಾರೆ. ನನ್ನನ್ನು ಕೇಳಿದರೆ, ಒಬ್ಬೊಬ್ಬರ ಮುಂದೆ ನಿಂತು ಕಲಿಸುವಷ್ಟು ತಾಳ್ಮೆ ಅವರಿಗಿರಲಿಲ್ಲ, ಅದಕ್ಕೇ ಮಾಡಿದರು. ಎರಡೂ ನಿಜ ಇರಬಹುದು.

ಎಂಬತ್ತೊಂದರ ಕೊನೆಯಲ್ಲಿ ಪಾಷಾ ಅವರು ಒಂದು ದಿನ ಕ್ಲಾಸು ಮುಗಿದ ಮೇಲೆ ಟೋಪಿ ಸರಿಮಾಡಿಕೊಳ್ಳುತ್ತ ಮೇಷ್ಟ್ರ ಹತ್ತಿರ ಬಂದರು. ‘ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಇನ್ನೊಂದು ಮೆಷಿನ್ ಬರ್ತಾ ಇದೆ, ಇಡೋಕೆ ಜಾಗ ಇಲ್ಲ. ಒಂದು ವರ್ಷ ಟೈಮ್ ತಗೊಳ್ಳಿ, ಶೆಡ್ ಬಿಟ್ಕೊಡಿ’ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಎಂಟು ವರ್ಷ ಬಾಡಿಗೆ ಎಂದು ಬಾಯಿ ಬಿಟ್ಟು ಕೇಳದ ಮನುಷ್ಯನಿಗೆ ಯಾರು ಏನು ಹೇಳಲು ಸಾಧ್ಯ?

ಅಲ್ಲಿಂದ ಮೇಷ್ಟ್ರು ಬಾಲ ಸುಟ್ಟ ಬೆಕ್ಕಿನ ಹಾಗಾದರು. ಬಡಾವಣೆಯಲ್ಲಿ ಸಾರ್ವಜನಿಕ ಕೆಲಸಕ್ಕೆಂದು ಬಿಟ್ಟ ಸೈಟೊಂದಿತ್ತು. ಅದು ಸಿಕ್ಕರೆ ಕೇಂದ್ರ ಉಳಿಯುತ್ತದೆ, ಇಲ್ಲವಾದರೆ ಅರವತ್ತು ಜನ ಅವರವರ ಮನೆಗೆ. ಅದಕ್ಕೆ ಇನ್ನೂ ಇಬ್ಬರು ಅರ್ಜಿ ಹಾಕಿದ್ದರು. ಮೇಷ್ಟ್ರು ಬೆಳಿಗ್ಗೆ ಬಂದು ವಿಷಲ್ ಊದುವರು, ಪ್ರಾರ್ಥನೆ ಹೇಳಿಸುವರು, ಅಷ್ಟೇ. ಆಮೇಲೆ ಯಾವುದೋ ಸಹಿ, ಯಾರದೋ ಶಿಫಾರಸು, ಇನ್ನಾರನ್ನೋ ಆಫೀಸಿಗೆ ಹೋಗುವ ಮುಂಚೆ ಮನೆಯಲ್ಲೇ ಹಿಡಿಯಬೇಕು ಎಂದು ಸೈಕಲ್ ಹತ್ತಿ ಮಾಯ. ಏಳು ತಿಂಗಳು ಹೀಗೇ ನಡೆಯಿತು. ಕ್ಲಾಸು ತನ್ನ ಪಾಡಿಗೆ ತಾನು ನಡೆಯುತ್ತಿತ್ತು, ನಿನ್ನೆಯವರು ಇವತ್ತಿನವರಿಗೆ ಕಲಿಸುತ್ತಿದ್ದರು. ಮನೆಗಳು ಏಳುತ್ತಿದ್ದ ಕಾಲ, ವಾರವಾರವೂ ಹೊಸಬರು.

ಹೊಸಬರಿಗೆಲ್ಲ ಸಿಗುತ್ತಿದ್ದವಳು ಬೈರಮ್ಮ. ಅವಳು ಕೆಂಪಾಪುರದವಳು, ಐವತ್ತರ ಆಸುಪಾಸು, ನಮ್ಮ ಬೀದಿಗಳಲ್ಲೆಲ್ಲ ಸೊಪ್ಪು ಮಾರುತ್ತಿದ್ದಳು. ಮೇಷ್ಟ್ರು ಓಡಾಟ ಶುರುಮಾಡಿದ ತಿಂಗಳೇ ಅವಳು ಸೇರಿದ್ದು. ಎಲ್ಲರಿಗಿಂತ ಮೊದಲು ಬಂದು, ಬುಟ್ಟಿಯನ್ನು ಮೂಲೆಯಲ್ಲಿಟ್ಟು, ಒದ್ದೆ ಗೋಣಿ ಮುಚ್ಚಿ, ಸೆರಗು ಬಿಗಿದು ನಿಲ್ಲುತ್ತಿದ್ದಳು. ಹೊಸದಾಗಿ ಬಂದವರನ್ನು ‘ಬನ್ನಿ, ಇಂಗೆ ನಿಂತ್ಕಳಿ, ಎದ್ರುಕೋಬ್ಯಾಡಿ’ ಎಂದು ಕೈ ಹಿಡಿದು ಸಾಲಿಗೆ ಸೇರಿಸುತ್ತಿದ್ದಳು. ಬ್ಯಾಂಕಿನ ಆಫೀಸರ ಹೆಂಡತಿಗೆ, ಕಾಲೇಜು ಹುಡುಗಿಯರಿಗೆ, ಬದರುನ್ನೀಸಾ ಅವರ ಸೊಸೆ ಮಲ್ಕಾಗೆ ಪಾಠ ಹೇಳುವಾಗ ಅವಳ ಮುಖ ನೋಡಬೇಕಿತ್ತು. ಅಲ್ಲಿಯವರೆಗೆ ಯಾರೂ ಅವಳಿಂದ ಸೊಪ್ಪು ಬಿಟ್ಟರೆ ಇನ್ನೇನನ್ನೂ ಕೇಳಿರಲಿಲ್ಲ.

ಎಂಬತ್ತೆರಡರ ಜುಲೈ ತಿಂಗಳ ಒಂದು ಭಾನುವಾರ ಸೈಟಿನ ವಿಚಾರಕ್ಕೆ ಅಧಿಕಾರಿಯೊಬ್ಬರು ನೋಡಲು ಬಂದರು. ಸ್ವತಃ ಯೋಗ ಬಲ್ಲವರಂತೆ, ಬಿಳಿ ಸಫಾರಿ ಹಾಕಿದ್ದರು. ಮೇಷ್ಟ್ರು ಅಂದು ಮೂರು ಸಲ ತಲೆ ಬಾಚಿಕೊಂಡು ಬಂದಿದ್ದರು. ಅರವತ್ತು ಜನ ಸಾಲಾಗಿ ನಿಂತೆವು, ಪರದೆಯ ಹಿಂದಿನವರೂ ಅಂದು ಹೊರಗೆ ಬಂದು ಕೊನೆಯ ಸಾಲುಗಳಲ್ಲಿ ನಿಂತರು. ತಾಡಾಸನದಿಂದ ಶುರು. ಎರಡು ಕೈಯನ್ನೂ ನೆಟ್ಟಗೆ ಮೇಲೆತ್ತಿ ಹಿಮ್ಮಡಿ ಎತ್ತಿ ನಿಲ್ಲುವುದು, ಅಷ್ಟೇ. ಯೋಗದಲ್ಲಿ ಅ ಆ ಇ ಈ ಇದ್ದ ಹಾಗೆ. ಮೇಷ್ಟ್ರು ವಿಷಲ್ ಊದಿದರು. ನಾವು ಕಣ್ಣು ಮುಚ್ಚಿ ಕೈ ಎತ್ತಿದೆವು.

‘ಇದು ಯಾವ ಪದ್ಧತಿ ಸ್ವಾಮಿ?’ ಎಂಬ ಅಧಿಕಾರಿಯ ದನಿ ಕೇಳಿ ಕಣ್ಣು ಬಿಟ್ಟು ತಿರುಗಿದೆ.

ಮುಂದಿನ ಎರಡು ಸಾಲಿನ ಹಳಬರ ಕೈಗಳು ಸರಿಯಾಗಿದ್ದವು. ನಮ್ಮ ಹಿಂದೆ ನಲವತ್ತು ಜನ ಬಲಗೈಯನ್ನು ನೆಟ್ಟಗೆ ಆಕಾಶಕ್ಕೆತ್ತಿ, ಎಡಗೈಯನ್ನು ಮಡಚಿ ಅಂಗೈಯನ್ನು ಕಿವಿಯ ಹತ್ತಿರ ಇಟ್ಟುಕೊಂಡು, ದೂರದಲ್ಲಿ ಯಾರೋ ಕರೆದದ್ದನ್ನು ಕೇಳಿಸಿಕೊಳ್ಳುವವರಂತೆ ನಿಂತಿದ್ದರು. ಒಬ್ಬರಲ್ಲ, ಇಬ್ಬರಲ್ಲ, ನಲವತ್ತು ಜನ, ಕಣ್ಣು ಮುಚ್ಚಿಕೊಂಡು, ಭಕ್ತಿಯಿಂದ. ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಮೇಷ್ಟ್ರ ಮುಖ ನೋಡಿದೆ, ನಗು ನಿಂತಿತು.

‘ಏನ್ರೀ ಇದು? ನಿಮಗೆ ಯಾರು ಹೇಳ್ಕೊಟ್ಟಿದ್ದು?’ ಎಂದು ಮೇಷ್ಟ್ರು ಒಬ್ಬ ಹುಡುಗಿಯನ್ನು ಕೇಳಿದರು. ಬ್ಯಾಂಕಿನವರ ಹೆಂಡತಿ ಎಂದಳು. ಅವರಿಗೆ ಮಲ್ಕಾ. ಮಲ್ಕಾಗೆ ಬೈರಮ್ಮ. ಹೀಗೆ ಯಾವ ಸಾಲಿನಿಂದ ಹಿಡಿದು ಎಳೆದರೂ ದಾರ ಹೋಗಿ ಬೈರಮ್ಮನ ಬಳಿಯೇ ನಿಲ್ಲುತ್ತಿತ್ತು. ಬೈರಮ್ಮ ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದಳು. ಅವಳ ಎಡಗೈ ಕಿವಿಯ ಮಟ್ಟಕ್ಕಿಂತ ಮೇಲೆ ಹೋಗುತ್ತಿರಲಿಲ್ಲ. ಭುಜ ಹಿಡಿದುಕೊಂಡುಬಿಟ್ಟಿತ್ತು. ಅವಳು ಹೇಗೆ ಮಾಡುತ್ತಿದ್ದಳೋ ಹಾಗೇ ಕಲಿಸಿದ್ದಳು, ಅವರು ಕಂಡದ್ದನ್ನೇ ಕಲಿತಿದ್ದರು. ಪಕ್ಕದವರನ್ನು ನೋಡಬಾರದು ಎಂಬ ನಿಯಮ ಬೇರೆ ಇತ್ತಲ್ಲ.

‘ನಿಮಗ್ಯಾರ್ರೀ ಹೇಳಿದ್ದು ಕಲಿಸೋಕೆ?’ ಎಂದು ಮೇಷ್ಟ್ರು ಎಲ್ಲರೆದುರಿಗೆ ಕೂಗಿದರು.

ಹೇಳಿದ್ದು ನೀವೇ ತಾನೇ ಎಂದು ನಾನು ಅನ್ನಬೇಕಿತ್ತು. ಅನ್ನಲಿಲ್ಲ. ಬೈರಮ್ಮ ಕೈ ಇಳಿಸಿ, ‘ತೆಪ್ಪಾಯ್ತು ಮೇಷ್ಟ್ರೇ’ ಎಂದಳು.

ಅಧಿಕಾರಿ ಒಳ್ಳೆಯವರೇ. ಹೋಗುವಾಗ ಮೇಷ್ಟ್ರನ್ನು ಪಕ್ಕಕ್ಕೆ ಕರೆದು, ‘ಶಾಸ್ತ್ರೀಯವಾಗಿ ನಡೀತಾ ಇದೆ ಅಂತ ನಾನು ಬರೀಬೇಕಲ್ಲ? ಎರಡು ವಾರ ಬಿಟ್ಟು ಬರ್ತೀನಿ. ಚೆನ್ನಾಗಿ ಬರೋರನ್ನ ಮಾತ್ರ ನಿಲ್ಲಿಸಿ’ ಎಂದರು. ನಾನು ಅಲ್ಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ, ಎಲ್ಲ ಕೇಳಿಸಿತು.

ಆ ಎರಡು ವಾರ ಮೇಷ್ಟ್ರು ಕಾರ್ಖಾನೆಗೆ ರಜೆ ಹಾಕಿ ಬೆಳಿಗ್ಗೆ ಸಂಜೆ ಎರಡು ಹೊತ್ತೂ ತಾಡಾಸನ ಮಾಡಿಸಿದರು. ಕಲಿಯುವುದು ಸುಲಭ, ಕಲಿತದ್ದನ್ನು ಮರೆಯುವುದು ಕಷ್ಟ. ಮಲ್ಕಾಳ ಎಡಗೈ ತಾನಾಗಿ ಕಿವಿಗೆ ಹೋಗುತ್ತಿತ್ತು, ಅತ್ತೆ ಹಿಂದಿನಿಂದ ಫಟ್ ಎಂದು ಬಾರಿಸುತ್ತಿದ್ದರು. ಬೈರಮ್ಮ ದಿನವೂ ಬಂದಳು. ಕೊನೆಯ ಸಾಲಿನ ಕೊನೆಯಲ್ಲಿ ನಿಂತು ಕೈ ಎತ್ತಲು ನೋಡುತ್ತಿದ್ದಳು, ಹಣೆಯ ಮೇಲೆ ಬೆವರು ಬರುತ್ತಿತ್ತು. ಯಾರಿಗೂ ಏನೂ ಹೇಳಿಕೊಡುತ್ತಿರಲಿಲ್ಲ.

ಎರಡನೇ ವಾರದ ಶುಕ್ರವಾರ ಮೇಷ್ಟ್ರು ನನ್ನ ಮನೆಯ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿದರು. ಇಳಿಯಲಿಲ್ಲ.

‘ಜಯಾ, ಬೈರಮ್ಮಂಗೆ ಒಂದ್ ಮಾತು ಹೇಳ್ಬಿಡಿ. ಭಾನುವಾರ ಒಂದಿನ ಬರೋದು ಬೇಡ. ಒಂದೇ ದಿನ.’

‘ನೀವೇ ಹೇಳಿ’ ಎಂದೆ.

‘ನನಗೆಲ್ಲಮ್ಮ ಟೈಮು? ನೀವ್ ಹೆಂಗಸರು ಹೇಳಿದ್ರೆ ಸರಿಹೋಗುತ್ತೆ. ಅರವತ್ತು ಜನದ ಪ್ರಶ್ನೆ ಜಯಾ.’ ಮಾತು ಮುಗಿಯುವ ಮೊದಲೇ ತಿರುವು ದಾಟಿದ್ದರು.

ನನಗೆ ಮೈಯೆಲ್ಲ ಉರಿಯಿತು. ಆದರೆ ನನಗೂ ಶೆಡ್ಡು ಬೇಕಿತ್ತು, ನನ್ನ ಉಸಿರು ಸರಿಯಾದದ್ದು ಅಲ್ಲಿ. ಹೇಳುವುದು ವೇದಾಂತ, ಹಾಕುವುದು ಗಾಳ ಎಂದು ಬೇರೆಯವರನ್ನು ಆಡಿಕೊಳ್ಳುವ ಬಾಯಿ ನನ್ನದು. ಅದೇ ಬಾಯಲ್ಲಿ ಶನಿವಾರ ಬೆಳಿಗ್ಗೆ, ದಂಟಿನ ಸೊಪ್ಪು ಆರಿಸುತ್ತ, ಅವಳ ಮುಖ ನೋಡದೆ ಹೇಳಿದೆ: ‘ಬೈರಮ್ಮ, ನಾಳೆ ನೀವು ಬರೋದು ಬೇಡವಂತೆ. ನಾಳೆ ಒಂದಿನ.’

‘ಆಗ್ಲಿ ಬುಡವ್ವ’ ಎಂದಳು. ಒಂದು ಕಟ್ಟು ಕೊತ್ತಂಬರಿಯನ್ನು ಸುಮ್ಮನೆ ನನ್ನ ಮೊರಕ್ಕೆ ಹಾಕಿದಳು. ನಾನು ಬುಟ್ಟಿಗೆ ಕೈ ಕೊಟ್ಟೆ, ಎತ್ತಿಕೊಂಡು ಹೋದಳು. ಆ ಕೊತ್ತಂಬರಿಯನ್ನು ಸಾರಿಗೆ ಹಾಕಲು ನನಗೆ ಮನಸ್ಸೇ ಬರಲಿಲ್ಲ.

ಭಾನುವಾರ ಎಲ್ಲ ಚೆನ್ನಾಗಿ ನಡೆಯಿತು. ನೂರು ತೋಳು ನೆಟ್ಟಗೆ ನಿಂತವು. ಗೂನು ಬೆನ್ನಿನ ರಾಮಲಕ್ಷ್ಮಮ್ಮನವರಿಗೂ, ಇನ್ನು ಕೆಲವರಿಗೂ ಹೀಗೇ ಹೇಳಿಕಳಿಸಿದ್ದರೆಂದು ಆಮೇಲೆ ಗೊತ್ತಾಯಿತು. ಅವರೆಲ್ಲ ಸೋಮವಾರ ಬಂದರು. ಬೈರಮ್ಮ ಬರಲಿಲ್ಲ. ಸೊಪ್ಪು ಮಾರಲು ಮಾತ್ರ ಬರುತ್ತಿದ್ದಳು. ‘ಯಾಕೆ ಬೈರಮ್ಮ, ಕ್ಲಾಸಿಗೆ ಬರಲ್ವಾ?’ ಎಂದು ಎರಡು ಸಲ ಕೇಳಿದೆ. ‘ಬತ್ತೀನಿ ಬತ್ತೀನಿ’ ಎಂದಳು. ಮೂರನೇ ಸಲ ಕೇಳಲು ನನಗೆ ಮುಖವಿರಲಿಲ್ಲ.

ಸೈಟು ಸಿಕ್ಕಿತು. ಮೇಷ್ಟ್ರು ಇಟ್ಟಿಗೆಗೆ ಓಡಿದರು, ಸಿಮೆಂಟಿಗೆ ಓಡಿದರು. ಪಾಷಾ ಅವರು ಕಿಟಕಿ ಬಾಗಿಲಿಗೆಲ್ಲ ಮರ ಕೊಟ್ಟರು. ಎಂಬತ್ಮೂರರ ಮೇ ತಿಂಗಳಲ್ಲಿ, ಒಂದು ಭಾನುವಾರ, ಹಾಲ್ ತೆರೆಯಿತು. ಭಾಷಣ, ಹಾರ, ಕೋಸಂಬರಿ. ಬಾಗಿಲ ಮೇಲೆ ‘ಎಲ್ಲರಿಗೂ ಸ್ವಾಗತ’ ಎಂದು ಬಣ್ಣದಲ್ಲಿ ಬರೆಸಿದ್ದರು. ಜನರೆಲ್ಲ ಹೋದ ಮೇಲೆ ಮೇಷ್ಟ್ರು ಕುರ್ಚಿ ಮಡಚುತ್ತ, ಬಹಳ ಸಹಜವಾಗಿ ಕೇಳಿದರು: ‘ಎಲ್ರೂ ಬಂದಿದ್ರು, ಬೈರಮ್ಮ ಕಾಣಲಿಲ್ವಲ್ಲ ಜಯಾ?’

ನನ್ನ ಪಿತ್ತ ನೆತ್ತಿಗೇರಿತು. ‘ಹತ್ತು ತಿಂಗಳಾಯ್ತು ಮೇಷ್ಟ್ರೇ ಅವಳು ಬಂದು! ನೀವು ಬರಬೇಡ ಅಂದಿರಿ, ನಾನು ಹೋಗಿ ಹೇಳಿ ಬಂದೆ. ಇಬ್ಬರೂ ಸೇರಿ ಕಳಿಸಿದ್ದೀವಿ. ಈಗ ಕೇಳ್ತೀರಲ್ಲ!’ ಎಂದು ಹೊಸ ಹಾಲ್ ಪ್ರತಿಧ್ವನಿಸುವ ಹಾಗೆ ಕೂಗಾಡಿದೆ. ಅಳುವೂ ಬಂತು.

ಮೇಷ್ಟ್ರ ಕೈಯಲ್ಲಿ ಕುರ್ಚಿ ಹಾಗೇ ಉಳಿಯಿತು. ‘ಒಂದೇ ದಿನ ಅಂದಿದ್ನಲ್ಲ’ ಎಂದರು. ಆಮೇಲೆ, ‘ಹತ್ತು ತಿಂಗಳಾ?’ ಎಂದರು.

ಮಾರನೆಯ ದಿನ ಕ್ಲಾಸಿನ ಹೊತ್ತಿಗೆ ಇಬ್ಬರೂ ನಮ್ಮ ನಮ್ಮ ಸೈಕಲ್ ಹತ್ತಿ ಹೆಬ್ಬಾಳದ ಕೆರೆಯ ಪಕ್ಕದಲ್ಲಿ ಕೆಂಪಾಪುರಕ್ಕೆ ಹೋದೆವು. ಆಗಿನ್ನೂ ಆ ಕಡೆ ತೋಟಗಳಿದ್ದವು. ಬೈರಮ್ಮ ಮನೆಯ ಮುಂದೆ ಕಲ್ಲಿನ ಮೇಲೆ ಕೂತಿದ್ದಳು, ಕಾಲ ಬಳಿ ತುಂಬಿದ ಬುಟ್ಟಿ. ನಮ್ಮನ್ನು ಕಂಡು ಗಾಬರಿಯಿಂದ ಎದ್ದಳು. ‘ಅಯ್ಯೋ, ಮೇಷ್ಟ್ರು! ಬನ್ನಿ ಬನ್ನಿ, ಕುಂತ್ಕಳಿ’ ಎಂದಳು. ಮೇಷ್ಟ್ರು ಅಭ್ಯಾಸಬಲದಿಂದ ಒಂದು ಕಾಲನ್ನು ಪೆಡಲ್ ಮೇಲಿಟ್ಟುಕೊಂಡೇ ಮಾತಾಡಿದರು.

‘ಬೈರಮ್ಮ, ಹಾಲ್ ಆಯ್ತು. ನಾಳೆಯಿಂದ ಬಂದ್ಬಿಡಿ. ಕೈ ಹೇಗಿದೆ?’

‘ಅಂಗೇ ಐತೆ ಮೇಷ್ಟ್ರೇ.’

‘ಎಷ್ಟು ದಿನದಿಂದ ಹೀಗಿದೆ?’

‘ನಿಮ್ತಾವ ಸೇರೋದ್ಕೆ ಎರಡು ತಿಂಗ್ಳು ಮುಂಚೆಯಿಂದ. ಅದುಕ್ಕೇ ಅಲ್ವಾ ನಾನು ಸೇರಿದ್ದು?’

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಏಳು ತಿಂಗಳು ಅವಳ ಪಕ್ಕದಲ್ಲೇ ಚಾಪೆ ಹಾಸಿದವಳು ನಾನು, ನನಗೂ ಗೊತ್ತಿರಲಿಲ್ಲ.

‘ಮನೆಮನೆ ಮುಂದೆ ಬುಟ್ಟಿ ಇಳಿಸ್ಬೇಕು, ತಿರ್ಗ ಎತ್ಕೊಬೇಕು. ಮುಂಚೆ ನಾನೇ ಎತ್ತಿ ತಲೆ ಮ್ಯಾಲೆ ಇಕ್ಕಂತಿದ್ದೆ. ಈಗ ಅಮ್ಮಾ ವಸಿ ಕೈ ಕೊಡಿ, ಅಮ್ಮಾ ವಸಿ ಕೈ ಕೊಡಿ ಅಂತ ಎಲ್ಲರ್ನೂ ಕೇಳ್ಬೇಕು. ಕೆಲವ್ರು ಕೊಡ್ತಾರೆ, ಕೆಲವ್ರು ಬಾಗ್ಲು ಆಕ್ಕಂತಾರೆ. ಅಂಗೆ ಕೇಳಾದು ತಪ್ಪಲಿ ಅಂತ ಬಂದೆ. ಈಗ ಧರ್ಮಾಸ್ಪತ್ರೆಲಿ ತೋರಿಸ್ದಾಗ, ಗಟ್ಟಿಯಾಗೋಗೈತೆ, ಶುರುನಲ್ಲೇ ಎಳ್ದು ಬಗ್ಗಿಸಿ ಮಾಡ್ಬೇಕಾಗಿತ್ತು ಅಂದ್ರು.’

‘ಬಂದ ದಿನವೇ ನನಗೆ ಹೇಳಬಾರದಿತ್ತಾ ಬೈರಮ್ಮ?’ ಎಂದರು ಮೇಷ್ಟ್ರು.

ಅವಳು ಕೋಪದಲ್ಲಿ ಹೇಳಲಿಲ್ಲ. ಹವಾಮಾನದ ವಿಷಯ ಹೇಳುವ ಹಾಗೆ ಹೇಳಿದಳು.

‘ನೀವ್ ನಿಂತಿದ್ರೆ ತಾನೇ ಮೇಷ್ಟ್ರೇ, ಏಳಾದು?’

ಮೇಷ್ಟ್ರು ಪೆಡಲ್ ಮೇಲಿನ ಕಾಲನ್ನು ಇಳಿಸಿದರು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು. ಅವಳ ಭುಜ ನೋಡಲೆಂದು ಕೈ ಚಾಚಿದರು, ಅವಳು ನಾಚಿ ಸೆರಗು ಹೊದ್ದುಕೊಂಡು ಹಿಂದಕ್ಕೆ ಸರಿದಳು. ‘ಓಗ್ಲಿ ಬುಡಿ ಮೇಷ್ಟ್ರೇ. ಬಿಸ್ಲಾಗ್ತದೆ, ಸೊಪ್ಪು ಬಾಡೋಗ್ತದೆ. ಪಕ್ಕದ ಮನೆ ಅಮ್ಮಯ್ಯ ಬರ್ಲಿ ಅಂತ ಕಾಯ್ತಾ ಕುಂತಿದ್ದೆ. ನೀವೇ ವಸಿ ಬುಟ್ಟಿ ಎತ್ಕೊಟ್ಬುಡಿ.’

ಸಾವಿರಾರು ಜನಕ್ಕೆ ಕೈ ಮೇಲೆತ್ತಿ ಎಂದು ವಿಷಲ್ ಊದಿದ ಮನುಷ್ಯ ಬಗ್ಗಿ, ಎರಡೂ ಕೈಯಲ್ಲಿ ಬುಟ್ಟಿ ಎತ್ತಿ ಅವಳ ತಲೆಯ ಮೇಲಿಟ್ಟರು. ಕುಳ್ಳರಾದ್ದರಿಂದ ಹಿಮ್ಮಡಿ ಎತ್ತಬೇಕಾಯಿತು. ಅವಳು ಬಲಗೈಯಲ್ಲಿ ಬುಟ್ಟಿ ಹಿಡಿದು, ಬರ್ತೀನಿ ಎಂದು ಹೇಳಿ, ಗಂಗಾನಗರದ ಕಡೆಗೆ ನಡೆದಳು. ಸ್ವಲ್ಪ ದೂರ ಹೋದ ಮೇಲೆ ಅವಳು ಸೊಪ್ಪು ಕೂಗುವುದು ಕೇಳಿಸಿತು.

ಆರೂಕಾಲಾಗಿತ್ತು. ಹೊಸ ಹಾಲಿನಲ್ಲಿ ಜನ ಬಂದು ಕಾಯುತ್ತಿರುತ್ತಾರೆ. ‘ಮೇಷ್ಟ್ರೇ, ಹೊರಡೋಣ, ಟೈಮಾಯ್ತು’ ಎಂದೆ.

‘ನೀವ್ ಹೋಗಿ ಜಯಾ’ ಎಂದರು. ‘ನಾನಿಲ್ಲೇ ಸ್ವಲ್ಪ ನಿಂತಿರ್ತೀನಿ.’